ಇಂದಿನ ಧಮ್ಮ ಚಿಂತನೆ: ಅಪ್ಪನನ್ನು ಕೇಳುವುದು ಹೇಗೆ?



ವಂದನೆ ಮುಗಿದ ಮೇಲೆ ಕಾಲೇಜಿಗೆ ಹೋಗುವ ತಂಗಿಯೊಬ್ಬಳು ಹಿಂದೆ ಉಳಿದು ಕೇಳಿದಳು: "ಅಣ್ಣಾ, ನಮ್ಮಪ್ಪ ಐತಾರಕ್ಕೊಮ್ಮೆ ಎಲ್ಲಾರಿಗೂ ಪಂಚಶೀಲ ಹೇಳಿಕೊಡ್ತಾನ. ಆದ್ರ ರಾತ್ರಿ ಬಾಯಿ ವಾಸನಿ ಬರ್ತದ, ಮುಂಜಾನಿ ಕೈ ನಡುಗ್ತಾವ. ಅವ್ವಗ ಕೇಳಿದ್ರ, ಸುಮ್ಮನಿರು, ಬೌದ್ಧರ ಮನಿ ಅದ, ಮಂದಿ ಏನಂತಾರ ಅಂತಾಳ. ಅಪ್ಪನ ಮ್ಯಾಲ ಸಂಶಯ ಪಡೋದು ನಂದೇ ತಪ್ಪೇನು?"

ತಪ್ಪಲ್ಲ, ತಂಗಿ. ಈ ಪ್ರಶ್ನೆ ನಿನ್ನೊಬ್ಬಳದೂ ಅಲ್ಲ. ಕುರಕುಂಟಾ, ವಾಡಿ, ಶಹಾಬಾದ್ ಕಡೆ ಕಾರ್ಖಾನೆ, ಖಣಿಗಳಲ್ಲಿ ದುಡಿದವರ ಮನೆಗಳಲ್ಲಿ "ಮೈನೋವಿಗೆ ಒಂದಿಷ್ಟು" ಎಂದು ಶುರುವಾದದ್ದು ಚಟವಾಗುವುದುಂಟು.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮದ್ಯ ಸೇವಿಸುವುದಿಲ್ಲ ಎಂಬುದೂ ಇದೆ, ಸುಳ್ಳು ಹೇಳುವುದಿಲ್ಲ ಎಂಬುದೂ ಇದೆ. ಐದನೇ ಶೀಲದ ಮಾನ ಕಾಯಲು ಮನೆಮಂದಿಯೆಲ್ಲ ನಾಲ್ಕನೇ ಶೀಲ ಮುರಿದರೆ ಉಳಿಯುವುದೇನು?

ವಿನಯ ಪಿಟಕದಲ್ಲಿ ಭಿಕ್ಖು ಸಾಗತರ ಪ್ರಸಂಗವಿದೆ. ಘೋರ ನಾಗನನ್ನೇ ಅಡಗಿಸಿದ್ದ ಅವರಿಗೆ ಕೋಸಂಬಿಯ ಜನ ಭಕ್ತಿಯಿಂದ ಮನೆಮನೆಯಲ್ಲೂ ಮದ್ಯ ಕೊಟ್ಟರು. ಸಾಗತರು ಊರಬಾಗಿಲಲ್ಲಿ ಬಿದ್ದರು. ಬುದ್ಧರು ಅವರನ್ನು ಅಲ್ಲೇ ಬಿಟ್ಟು ಹೋಗಲಿಲ್ಲ, ಭಿಕ್ಖುಗಳಿಂದ ಎತ್ತಿಸಿ ವಿಹಾರಕ್ಕೆ ತಂದರು. ಮುಚ್ಚಿಡಲೂ ಇಲ್ಲ. ನಾಗನನ್ನು ಗೆದ್ದವನು ಈಗ ನೀರುಹಾವನ್ನಾದರೂ ಎದುರಿಸಬಲ್ಲನೇ ಎಂದು ಸಂಘದ ಮುಂದೆಯೇ ಕೇಳಿ, ಮದ್ಯಪಾನ ಕೂಡದೆಂಬ ನಿಯಮ ಮಾಡಿದರು. ಆದರೆ ಸಾಗತರನ್ನು ಸಂಘದಿಂದ ಹೊರಹಾಕಲಿಲ್ಲ. ತಪ್ಪನ್ನು ಮುಚ್ಚದಿರುವುದು, ಮನುಷ್ಯನನ್ನು ಬಿಡದಿರುವುದು, ಎರಡೂ ಕರುಣೆಯೇ.

ಹಾಗಾದರೆ ಕೇಳುವುದು ಹೇಗೆ? ಒಳ್ಳೆಯ ಮಾತಿಗೆ ಬುದ್ಧರು ಐದು ಗುಣ ಹೇಳಿದ್ದಾರೆ.

1. ಸಮಯ: ಕುಡಿದ ರಾತ್ರಿ ಬೇಡ, ಎಚ್ಚರವಿರುವ ಮುಂಜಾನೆ.
2. ಸತ್ಯ: ಕಂಡಷ್ಟೇ ಹೇಳು. ಕೈ ನಡುಕಕ್ಕೆ ಥೈರಾಯ್ಡ್, ನರದ ತೊಂದರೆಯೂ ಕಾರಣವಿರಬಹುದು. ಸಂಶಯ ತೀರ್ಪಲ್ಲ.
3. ಮೃದುತ್ವ: ನೆಂಟರ ಮುಂದೆ ಬೇಡ, ಒಬ್ಬರೇ ಇದ್ದಾಗ.
4. ಹಿತ: "ಬಿಡು" ಎನ್ನುವುದಕ್ಕಿಂತ "ಅಪ್ಪಾ, ಡಾಕ್ಟರ ಹತ್ರ ನಾನೂ ಬರ್ತೀನಿ" ಎನ್ನು.
5. ಮೈತ್ರಿ: ಗೆಲ್ಲಲು ಅಲ್ಲ, ಉಳಿಸಿಕೊಳ್ಳಲು ಮಾತಾಡು.

ಒಂದು ಎಚ್ಚರಿಕೆ. ದಿನಾ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಕೆಲ ದಿನಗಳಲ್ಲಿ ಫಿಟ್ಸ್, ಭ್ರಮೆ ಬರಬಹುದು, ಪ್ರಾಣಕ್ಕೂ ಅಪಾಯ. ಆದ್ದರಿಂದ ಬುದ್ಧಮೂರ್ತಿಯ ಮುಂದೆ ಆಣೆ ಮಾಡಿಸಿ ಕೋಣೆಯಲ್ಲಿ ಕೂಡಿಹಾಕಬೇಡಿ. ಊಟದಲ್ಲಿ ಗುಟ್ಟಾಗಿ ಔಷಧಿ ಬೆರೆಸಬೇಡಿ. ಕುಡಿತ ಬಿಡಿಸುವ ಕೆಲವು ಮಾತ್ರೆಗಳ ಮೇಲೆ ಮದ್ಯ ಬಿದ್ದರೆ ಜೀವಕ್ಕೆ ಕುತ್ತು. ಡಾಕ್ಟರ ಸಲಹೆಯಲ್ಲೇ ಬಿಡಿಸಿ. ವ್ಯಸನಮುಕ್ತಿ ಸಹಾಯವಾಣಿ 14446, ಮನಸ್ಸಿನ ಭಾರಕ್ಕೆ ಟೆಲಿ ಮಾನಸ್ 14416. ಮನೆಯಲ್ಲಿ ಹೊಡೆತ-ಬಡಿತವಿದ್ದರೆ ಮಾತು ಆಮೇಲೆ. ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ 112ಕ್ಕೆ ಕರೆ ಮಾಡಿ.

ತಂದೆತಾಯಿಯನ್ನು ನೂರು ವರ್ಷ ಹೆಗಲ ಮೇಲೆ ಹೊತ್ತರೂ ಋಣ ತೀರದು, ಶೀಲ ತಪ್ಪಿದವರನ್ನು ಶೀಲದಲ್ಲಿ ನಿಲ್ಲಿಸಿದರೆ ತೀರುತ್ತದೆ ಎಂಬ ಬೋಧನೆ ಅಂಗುತ್ತರ ನಿಕಾಯದಲ್ಲಿದೆ. ಕೈಹಿಡಿಯುವುದು ನಮ್ಮ ಕೆಲಸ, ಎದ್ದು ನಿಲ್ಲುವುದು ಅವರ ಕೆಲಸ. ಅವರು ಏಳದಿದ್ದರೆ ಅದು ನಿನ್ನ ಸೋಲಲ್ಲ, ತಂಗಿ. ನಿನ್ನ ಓದು ನಿಲ್ಲಬಾರದು.

ಬಳಗದ ಹಿರಿಯರಿಗೂ ಒಂದು ಮಾತು. ಇಂಥ ಮನೆಯ ಸುದ್ದಿ ಕಿವಿಗೆ ಬಿದ್ದರೆ ಗ್ರೂಪಿನಲ್ಲಿ ಹಾಕಬೇಡಿ. ಆ ಮನೆಗೆ ಹೋಗಿ, ಪಕ್ಕದಲ್ಲಿ ಕೂತು, ಒಂದು ಕಪ್ ಚಹಾ ಕುಡಿದು ಬನ್ನಿ.

*ಇಂದಿನ ಅಭ್ಯಾಸ:* ಮನೆಯಲ್ಲಿ ನಾವು ಮುಚ್ಚಿಟ್ಟ ಒಂದು ನೋವನ್ನು, ನಂಬಿಕೆಯ ಒಬ್ಬರಿಗೆ ಹೇಳೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್.