ತಿಪ್ಪೆಯೂ ಕುಡಿಯುವ ನೀರೂ

ಬಾಣಾವರದ ಸುತ್ತಲಿನ ಹಳ್ಳಿಗಳಲ್ಲಿ ರಾಗಿ, ತೆಂಗುಗಳ ಜೊತೆಗೆ ಹೈನುಗಾರಿಕೆಯೂ ಜೀವನಾಧಾರವಾಗಿದೆ. ಒಂದು ಹಸುವಿನಿಂದ ದಿನಕ್ಕೆ 10ರಿಂದ 15 ಕಿಲೋ ಸಗಣಿ ದೊರೆಯುತ್ತದೆ, ಗಂಜಲ ಬೇರೆ. ಇದು ಭೂಮಿಗೆ ಸಂಪತ್ತೆಂಬುದನ್ನು ನಾವೆಲ್ಲರೂ ಬಲ್ಲೆವು. ಆದರೆ ಕೊಳವೆಬಾವಿಯ ಮಗ್ಗುಲಲ್ಲೇ ಬಯಲಿನಲ್ಲಿ ತಿಪ್ಪೆ ಒಟ್ಟುವ ರೂಢಿಯನ್ನು ಆರೋಗ್ಯದ ದೃಷ್ಟಿಯಿಂದ ಪರಿಶೀಲಿಸಬೇಕಾಗಿದೆ.

ಸಗಣಿ, ಗಂಜಲಗಳಲ್ಲಿರುವ ಸಾರಜನಕವನ್ನು ಮಣ್ಣಿನ ಸೂಕ್ಷ್ಮಜೀವಿಗಳು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೇಟ್ ಮಣ್ಣಿಗೆ ಅಂಟಿ ನಿಲ್ಲದು. ಮಳೆನೀರಿನೊಡನೆ ಇಳಿದು ಅಂತರ್ಜಲವನ್ನು ಸೇರುತ್ತದೆ. ರಂಜಕವು ಹೆಚ್ಚಾಗಿ ಕೊಚ್ಚಿಹೋಗುವ ಮಣ್ಣಿನೊಡನೆ ಕೆರೆಗಿಳಿದು ಪಾಚಿಯನ್ನು ಬೆಳೆಸುತ್ತದೆ.

ನಮ್ಮನ್ನು ಹೆಚ್ಚು ಚಿಂತೆಗೀಡುಮಾಡುವುದು ಕುಡಿಯುವ ನೀರು. ಭಾರತೀಯ ಮಾನಕದಂತೆ ಒಂದು ಲೀಟರಿನಲ್ಲಿ ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು. ಕೇಂದ್ರ ಅಂತರ್ಜಲ ಮಂಡಳಿಯ 2024ರ ವಾರ್ಷಿಕ ವರದಿಯಲ್ಲಿ ಕರ್ನಾಟಕದ ಸುಮಾರು ಅರ್ಧದಷ್ಟು ಮಾದರಿಗಳು ಈ ಮಿತಿಯನ್ನು ಮೀರಿದ್ದವು. ರಸಗೊಬ್ಬರ, ಚರಂಡಿ ನೀರುಗಳ ಪಾಲೂ ಅದರಲ್ಲುಂಟು; ದೋಷವನ್ನೆಲ್ಲ ಹಸುವಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಇಂಥ ನೀರಿನಲ್ಲಿ ಪುಡಿಹಾಲು ಕಲಸಿ ಆರು ತಿಂಗಳೊಳಗಿನ ಕೂಸಿಗೆ ಕುಡಿಸಿದರೆ, ನೈಟ್ರೇಟ್ ಹೊಟ್ಟೆಯಲ್ಲಿ ನೈಟ್ರೈಟ್ ಆಗಿ, ರಕ್ತವು ಆಮ್ಲಜನಕವನ್ನು ಒಯ್ಯುವ ಶಕ್ತಿಯನ್ನು ಕುಂದಿಸುತ್ತದೆ. ತುಟಿ, ಉಗುರುಗಳು ನೀಲಿಗಟ್ಟುತ್ತವೆ. ಅಂಥ ಕೂಸನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಬಾವಿನೀರಿಗೂ ಈ ವ್ಯಾಧಿಗೂ ಇರುವ ಸಂಬಂಧವನ್ನು 1945ರಲ್ಲಿ ಅಮೆರಿಕದ ಅಯೋವಾದ ವೈದ್ಯ ಹಂಟರ್ ಕಾಮ್ಲಿ ಪ್ರಕಟಿಸಿದರು. ಕಾಯಿಸಿ ಆರಿಸಿದ ನೀರು ನಿರ್ದೋಷವೆಂಬ ನಂಬಿಕೆ ಇಲ್ಲಿ ಸಲ್ಲದು. ಕುದಿಸಿದಷ್ಟೂ ನೀರು ಆವಿಯಾಗಿ ನೈಟ್ರೇಟಿನ ಪ್ರಮಾಣ ಏರುತ್ತದೆ. ಕ್ಲೋರಿನ್ ಕೂಡ ಅದನ್ನು ತೆಗೆಯದು.

ಆದುದರಿಂದ ತಿಪ್ಪೆಯನ್ನು ಬಾವಿಯಿಂದ ದೂರ, ಬಾವಿಗಿಂತ ತಗ್ಗಿನ ಕಡೆ ಮಾಡುವುದು ಲೇಸು. ತಳಕ್ಕೆ ಜೇಡಿಮಣ್ಣು ಬಡಿದು ಗಟ್ಟಿಮಾಡಿ, ಸುತ್ತ ಸಣ್ಣ ಬದು ಹಾಕಬೇಕು. ಸಗಣಿಯನ್ನಷ್ಟೇ ಪೇರಿಸದೆ ನಡುನಡುವೆ ಒಣಹುಲ್ಲು, ತರಗೆಲೆ, ಸ್ವಲ್ಪ ತೆಂಗಿನ ನಾರಿನ ಪುಡಿ ಹರಡಿದರೆ ಗಂಜಲವನ್ನು ಅವು ಹೀರುತ್ತವೆ. ಸಾರಜನಕದ ಒಂದು ಪಾಲಿಗೆ ಇಂಗಾಲದ 25ರಿಂದ 30 ಪಾಲು ಇದ್ದಾಗ ಸೂಕ್ಷ್ಮಜೀವಿಗಳು ಸಾರಜನಕವನ್ನು ತಮ್ಮ ಒಡಲಿಗೆ ಸೇರಿಸಿಕೊಳ್ಳುತ್ತವೆ, ಸೋರಿಹೋಗುವುದು ಕಡಿಮೆಯಾಗುತ್ತದೆ. ಹಿಡಿಯಷ್ಟು ಗೊಬ್ಬರವನ್ನು ಹಿಂಡಿದಾಗ ಅಂಗೈ ಒದ್ದೆಯಾಗಬೇಕು, ನೀರು ಇಳಿಯಬಾರದು. ಆಗಾಗ ಮಗುಚಿ, ಮೇಲೆ ತೆಂಗಿನ ಗರಿಯ ಚಪ್ಪರ ಹಾಕಬೇಕು. ಕಳಿತ ಗೊಬ್ಬರವನ್ನು ಬಿತ್ತನೆಗೆ ಮುನ್ನ ಹೊಲಕ್ಕೆ ಚೆಲ್ಲಿದ ದಿನವೇ ಉಳುಮೆಯಿಂದ ಮಣ್ಣಿಗೆ ಸೇರಿಸುವುದು ಉತ್ತಮ.

ಗೋಬರ್ ಗ್ಯಾಸ್ ಇನ್ನೊಂದು ಮಾರ್ಗ. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ಕೇಂದ್ರವು 1987ರಲ್ಲಿ ಊರಿನ ಸಗಣಿಯಿಂದ ಅನಿಲ ಪಡೆದು ದೀಪಕ್ಕೂ ಕುಡಿಯುವ ನೀರಿನ ಪೂರೈಕೆಗೂ ವಿದ್ಯುತ್ ಒದಗಿಸಿತು. ಆದರೆ ಅನಿಲ ತೆಗೆದ ಮಾತ್ರಕ್ಕೆ ಸಾರಜನಕ ಹೋಗದು. ಬಹುಪಾಲು ಬಗ್ಗಡದಲ್ಲೇ ಉಳಿಯುತ್ತದೆ. ಪುರದಲ್ಲಿ ಬಗ್ಗಡವನ್ನು ಮರಳಿನ ಹಾಸಿನಲ್ಲಿ ಬಸಿದು ಗೊಬ್ಬರವಾಗಿ ಬಳಸುತ್ತಿದ್ದರು. ಮನೆಯ ಮಟ್ಟದಲ್ಲಿ ಅದನ್ನು ಒಣಕಸ ತುಂಬಿದ ಗುಂಡಿಗೆ ಬಿಡಬಹುದು, ಚರಂಡಿಗಂತೂ ಬಿಡಬಾರದು. ಮನೆಯಲ್ಲಿ ಬಸುರಿ ಅಥವಾ ಹಸುಗೂಸು ಇದ್ದರೆ, ಮಳೆಗಾಲ ಕಳೆದೊಡನೆ ಬಾವಿಯ ನೀರನ್ನು ಪ್ರಯೋಗಾಲಯದಲ್ಲಿ ನೈಟ್ರೇಟ್ ಪರೀಕ್ಷೆಗೆ ಕೊಡಬೇಕು.