ಮೊದಲು ಸಾಣೆಕಲ್ಲು

ಮರಗೆಲಸದ ಹುಚ್ಚು ಹತ್ತಿಸಿಕೊಂಡವರು ‘ಯಾವ ಉಳಿ ತಗೊಳ್ಳಲಿ?’ ಎಂದು ಕೇಳಿದರೆ, ಮೊದಲು ಸಾಣೆಕಲ್ಲು ತನ್ನಿ ಅನ್ನುತ್ತೇನೆ. ಬಹಳ ಜನಕ್ಕೆ ಈ ಉತ್ತರ ರುಚಿಸುವುದಿಲ್ಲ. ಆದರೆ ಎಷ್ಟೇ ದುಬಾರಿ ಉಳಿಯಾದರೂ ಅಂಗಡಿಯಿಂದ ಬಂದ ದಿನವೇ ಪೂರ್ತಿ ಹರಿತವಾಗಿರುವುದು ಅಪರೂಪ. ತೇಗ ಕೊರೆಯುವುದು ಸುಲಭ, ನಿಜ. ಆದರೆ ಅದರೊಳಗಿನ ಸಿಲಿಕಾ ಅಲಗನ್ನು ಬೇಗ ಮೊಂಡು ಮಾಡುತ್ತದೆ. ಒಂದು ಬದಿ 1000, ಇನ್ನೊಂದು ಬದಿ 6000 ಗ್ರಿಟ್ ಇರುವ ನೀರುಗಲ್ಲು ಪಕ್ಕದಲ್ಲಿದ್ದರೆ ಸಾಧಾರಣ ಉಳಿಯೂ ಚೆನ್ನಾಗಿ ದುಡಿಯುತ್ತದೆ.

ಉಳಿ ಕೊಳ್ಳುವಾಗ ನಾನು ನೋಡುವುದು ಅದರ ಬೆನ್ನು, ಅಂದರೆ ಇಳಿಜಾರಿಲ್ಲದ ಚಪ್ಪಟೆ ಬದಿ. ಸ್ಟೀಲ್ ಸ್ಕೇಲ್ ಇಟ್ಟು ಬೆಳಕಿಗೆ ಹಿಡಿಯಬೇಕು. ನಡುವೆ ಸ್ವಲ್ಪ ತಗ್ಗಿದ್ದರೆ ಚಿಂತೆಯಿಲ್ಲ. ಉಬ್ಬಿದ್ದರೆ ಮಾತ್ರ ಬೇಡ. ಅದನ್ನು ಉಜ್ಜಿ ಸಮ ಮಾಡುವಷ್ಟರಲ್ಲಿ ಭಾನುವಾರ ಮುಗಿದಿರುತ್ತದೆ. ಹತ್ತು ಹನ್ನೆರಡು ಉಳಿಗಳ ಸೆಟ್ ಡಬ್ಬಿಯಲ್ಲಿ ನೋಡಲು ಚೆಂದ. ನನ್ನ ಕೈ ಹೋಗುವುದು ಕಾಲಿಂಚು, ಅರ್ಧ ಇಂಚು, ಒಂದಿಂಚಿನ ಮೂರಕ್ಕೆ ಮಾತ್ರ. ಇಳಿಜಾರು 25 ಡಿಗ್ರಿ, ಕಟ್ಟಕಡೆಯ ಅಂಚು 30. ಗ್ರೈಂಡರ್‌ಗೆ ಹಿಡಿಯುವಾಗ ತುದಿ ನೀಲಿ ತಿರುಗಿತೋ, ಅಲ್ಲಿಯ ಹದ ಹೋಯಿತೆಂದೇ ಲೆಕ್ಕ. ಆಗಾಗ ನೀರಿಗೆ ಅದ್ದುತ್ತಿರಬೇಕು.

ಕಮ್ಮಾರನಿಂದ ಮಾಡಿಸಿಕೊಂಡ ಉಳಿಯನ್ನು ಕಡೆಗಣಿಸಬೇಡಿ. ಲಾರಿಯ ಸ್ಪ್ರಿಂಗ್ ಪಟ್ಟಿ ಒಳ್ಳೆಯ ಉಕ್ಕು. ಹದ ಹಾಕುವ ಕೈ ಪಳಗಿದ್ದರೆ ಅದೇ ಒಳ್ಳೆಯ ಉಳಿ. ನಮ್ಮ ಬೀದಿಯ ಹಿರಿಯ ಬಡಗಿಯ ಕೈಯಲ್ಲಿ ಸವೆದು ಮೊಟಕಾದ ಅಂಥದ್ದೊಂದಿದೆ. ‘ಆಚಾರ್ರೇ, ಹೊಸದು ತಗೋಬಾರದಾ?’ ಎಂದೆ. ‘ಇದರಲ್ಲಿ ಇನ್ನೂ ಎರಡಿಂಚು ಉಕ್ಕಿದೆ ಸಾರ್,’ ಎಂದು ಕೆಲಸಕ್ಕೆ ಬಾಗಿದರು.

ಗರಗಸದ ವಿಷಯದಲ್ಲಿ ಹಲ್ಲಿನ ಬಣ್ಣ ನೋಡಿ. ತುದಿಗಳು ನೀಲಿಗಪ್ಪಾಗಿದ್ದರೆ ಅವನ್ನು ಕಾಯಿಸಿ ಗಟ್ಟಿ ಮಾಡಿದ್ದಾರೆ ಎಂದರ್ಥ. ಬಹುಕಾಲ ಹರಿತ ಉಳಿಯುತ್ತದೆ, ಆದರೆ ಮೊಂಡಾದ ಮೇಲೆ ಅರ ಹಿಡಿಯುವುದಿಲ್ಲ, ಗುಜರಿಗೇ ಹೋಗಬೇಕು. ಪ್ಲೈವುಡ್ ಕೊಯ್ಯಲು ಅದು ಸಾಕು. ಮರದ ಉದ್ದಕ್ಕೆ ಸೀಳುವುದಕ್ಕೆ ಮೂರು ಮೂಲೆಯ ಅರದಿಂದ ಮತ್ತೆ ಮತ್ತೆ ಹರಿತ ಮಾಡಬಲ್ಲ ಹಳೆಯ ಮಾದರಿಯದೇ ನನಗಿಷ್ಟ. ತನ್ನತ್ತ ಎಳೆದಾಗ ಕೊಯ್ಯುವ ಜಪಾನಿ ಗರಗಸದ ಅಲಗು ತೆಳು, ಸೀಳು ಸಣ್ಣದು. ನಮ್ಮ ಗಟ್ಟಿ ಹೊನ್ನೆ, ಬೀಟೆಗಳಲ್ಲಿ ಅವಸರಪಟ್ಟರೆ ಅದರ ಹಲ್ಲು ಮುರಿಯುತ್ತದೆ.

ತೋಪಡವನ್ನು ಮಾತ್ರ ನಾನು ಹಳೆಯದನ್ನೇ ಹುಡುಕುತ್ತೇನೆ. ಲಿಯೊನಾರ್ಡ್ ಬೇಯ್ಲಿಯ ತೋಪಡದ ಪೇಟೆಂಟ್‌ಗಳನ್ನು ಸ್ಟ್ಯಾನ್ಲಿ ಕಂಪನಿ ಕೊಂಡದ್ದು 1869ರಲ್ಲಿ. ಅಲಗನ್ನು ಇಳಿಸಿ ಏರಿಸುವ ಹಿಂದಿನ ತಿರುಗುಚಕ್ರ ಇವತ್ತಿನ ಕಬ್ಬಿಣದ ತೋಪಡಗಳಲ್ಲೂ ಹೆಚ್ಚುಕಡಿಮೆ ಹಾಗೇ ಇದೆ. ಹೀಗಾಗಿ ಬೆಂಗಳೂರಿನ ಸಂಡೇ ಬಜಾರ್‌ನಂಥ ಕಡೆ ತುಕ್ಕು ಹಿಡಿದದ್ದು ಸಿಕ್ಕರೂ ಮುಖ ತಿರುಗಿಸುವುದಿಲ್ಲ. ಮೇಲಿನ ತುಕ್ಕು ಉಜ್ಜಿದರೆ ಹೋಗುತ್ತದೆ. ಅಲಗಿನ ಬೆನ್ನಿಗೆ, ಅದೂ ಅಂಚಿನ ಹತ್ತಿರ, ಆಳದ ಗುಳಿ ಬಿದ್ದಿದ್ದರೆ ಬೇರೆ ಅಲಗು ಹುಡುಕಬೇಕು. ತಳದ ಬಾಯಿಯ ಬಳಿ ಬಿರುಕಿದ್ದರೆ ಬೆಲೆಯನ್ನೇ ಕೇಳಬೇಡಿ. ತಳ ಕೊಂಚ ಡೊಂಕಾಗಿದ್ದರೆ ಗಾಜಿನ ಮೇಲೆ ಸ್ಯಾಂಡ್‌ಪೇಪರ್ ಅಂಟಿಸಿ ತಿಕ್ಕಿದರಾಯಿತು. ಒಂದೇ ಕೊಳ್ಳುವುದಾದರೆ 14 ಇಂಚಿನ 5ನೇ ನಂಬರ್ ಇರಲಿ. ಹಲಗೆ ಸಮ ಮಾಡುವುದಕ್ಕೂ ನುಣುಪು ಮಾಡುವುದಕ್ಕೂ ಒದಗುತ್ತದೆ.

ಮೂಲೆಮಟ್ಟಕ್ಕೆ ಹೆಸರು ನೋಡಬೇಕಿಲ್ಲ. ನೇರ ಅಂಚಿನ ಹಲಗೆಗೆ ಆನಿಸಿ ಗೆರೆ ಎಳೆಯಿರಿ, ಮಗುಚಿ ಅದೇ ಜಾಗದಲ್ಲಿ ಇನ್ನೊಂದು ಎಳೆಯಿರಿ. ಎರಡೂ ಒಂದರ ಮೇಲೊಂದು ಕೂತರೆ ಹಣ ಕೊಡಿ. ನಾನು ಅಂಗಡಿಗೆ ಹೋಗುವಾಗ ಪೆನ್ಸಿಲ್ ಜತೆ ಒಂದು ಹಲಗೆ ತುಂಡನ್ನೂ ಚೀಲದಲ್ಲಿಟ್ಟುಕೊಂಡು ಹೋಗುತ್ತೇನೆ. ಅಂಗಡಿಯವರು ನಗುತ್ತಾರೆ, ಆದರೆ ಒಳಗಿಂದ ಇನ್ನೆರಡು ಮಟ್ಟ ತಂದು ಮುಂದಿಡುತ್ತಾರೆ.