ಗುಂಪು ಬಿಟ್ಟ ಮೇಲೆ ಬೇಕಾದದ್ದು ರೇಷನ್ ಕಾರ್ಡು

ಒಬ್ಬ ಗುರುವಿನ ಗುಂಪಿನಲ್ಲಿದ್ದ ಏಳು ವರ್ಷ ನಾನು ಬಿಳಿ ಬಟ್ಟೆ ಬಿಟ್ಟು ಬೇರೆ ತೊಟ್ಟವನಲ್ಲ. ಗುಂಪು ಬಿಟ್ಟು ಅಲೀಪುರದ ಪಕ್ಕದ ನಮ್ಮೂರಿಗೆ ಬಂದ ಮೂರನೇ ದಿನ ಅಮ್ಮ ಐನೂರು ರೂಪಾಯಿ ಕೈಗಿಟ್ಟು, ‘ಗೌರಿಬಿದನೂರಿಗೆ ಹೋಗಿ ಒಂದು ಬಣ್ಣದ ಅಂಗಿ ತಗೊಂಡ್ ಬಾರಪ್ಪ’ ಅಂದಳು. ಬಟ್ಟೆ ಅಂಗಡಿಯಲ್ಲಿ ಒಂದು ಗಂಟೆ ನಿಂತೆ. ನೀಲಿ, ಹಸಿರು, ಚೌಕಳಿ, ಗೆರೆ ಎಲ್ಲವನ್ನೂ ಅಂಗಡಿಯವರು ಬೇಸರವಿಲ್ಲದೆ ಬಿಚ್ಚಿ ತೋರಿಸಿದರು. ಕೊನೆಗೆ ಬಿಳಿಯದನ್ನೇ ಕಟ್ಟಿಸಿಕೊಂಡು ಬಂದೆ. ಅಮ್ಮ ಏನೂ ಅನ್ನಲಿಲ್ಲ, ಒಳಗೆ ಹೋಗಿ ಒಲೆ ಮುಂದೆ ಕೂತಳು.

ಆ ಗುಂಪಿನ ಹೆಸರು ಇಲ್ಲಿ ಬೇಡ. ಅದು ನಮ್ಮ ಜಿಲ್ಲೆಯದಲ್ಲ. ಬಿಟ್ಟದ್ದು ಸರಿಯೋ ತಪ್ಪೋ ಎಂಬ ಚರ್ಚೆಯೂ ಬೇಡ. ಬಿಟ್ಟು ಬಂದವರು ಮರುದಿನ ಬೆಳಗ್ಗೆ ಎದ್ದು ಏನು ಮಾಡಬೇಕು ಎಂಬುದನ್ನಷ್ಟೇ ಬರೆಯುತ್ತಿದ್ದೇನೆ. ನನಗೆ ಆಗ ಉಪದೇಶ ಹೇಳುವವರು ಬೇಕಾದಷ್ಟು ಜನ ಸಿಕ್ಕರು. ಯಾವ ಆಫೀಸಿಗೆ ಮೊದಲು ಹೋಗಬೇಕು ಎಂದು ಹೇಳಿದವರು ಒಬ್ಬರೂ ಇರಲಿಲ್ಲ.

ಹಿಡಿತ ಯಾವುದು, ಒಗ್ಗಟ್ಟು ಯಾವುದು

ಊರಿಗೆ ಬಂದು ಎರಡು ತಿಂಗಳಿಗೆ ಅಲೀಪುರದಲ್ಲಿ ಹರಳು ಉಜ್ಜುವ ಒಂದು ಘಟಕದಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಅಲೀಪುರ ಶಿಯಾ ಮುಸ್ಲಿಮರೇ ಹೆಚ್ಚಾಗಿರುವ ಊರು, ಹರಳಿನ ವ್ಯಾಪಾರಕ್ಕೆ ಹೆಸರಾದದ್ದು. ಮೊಹರಂ ಬಂದಾಗ ಇಡೀ ಊರು ಒಂದೇ ಶೋಕದಲ್ಲಿ ಕಪ್ಪುಡುತ್ತದೆ. ಆ ಕಪ್ಪು ನೋಡಿ ಮೊದಲ ವರ್ಷ ನನಗೆ ಕೈ ನಡುಗಿತು, ‘ಇಲ್ಲೂ ಎಲ್ಲರಿಗೂ ಒಂದೇ ಬಟ್ಟೆ’ ಅನಿಸಿ. ಸಾಹುಕಾರರು ಮಾತ್ರ, ‘ನಿಮಗೆ ರಜಾ ಇದೆ, ಮನೆಗೆ ಹೋಗಿ ಆರಾಮಾಗಿರಿ’ ಅಂದರು. ‘ನೀವೂ ಬನ್ನಿ’ ಅನ್ನಲಿಲ್ಲ. ಹೋಗಿದ್ದರೆ ಶರಬತ್ತು ಕೊಡುತ್ತಿದ್ದರು, ಹೋಗದಿದ್ದರೆ ಸಂಬಳ ಹಿಡಿಯುತ್ತಿರಲಿಲ್ಲ. ಅಂದಿನಿಂದ ನನಗೆ ಇದೇ ಅಳತೆಗೋಲು. ‘ಇವತ್ತು ನಾನು ಬರಲ್ಲ’ ಎಂದು ಹೇಳಿ ನೋಡಿ. ಅದರ ಮರುದಿನವೂ ನಿಮ್ಮ ಊಟ, ಕೆಲಸ, ಹೆಂಡತಿ ಮಕ್ಕಳ ಮಾತು ಮೊದಲಿನಂತೆಯೇ ಇದ್ದರೆ ಅದು ಒಗ್ಗಟ್ಟು, ಇಲ್ಲವಾದರೆ ಹಿಡಿತ.

ಅಮೆರಿಕದ ಮನೋವೈದ್ಯ ರಾಬರ್ಟ್ ಲಿಫ್ಟನ್ 1961ರಲ್ಲಿ ಚೀನಾದ ‘ಮನಃಪರಿವರ್ತನೆ’ ಶಿಬಿರಗಳಿಂದ ಹೊರಬಂದವರನ್ನು ಕುರಿತು ಬರೆದ ಪುಸ್ತಕದಲ್ಲಿ ಇಂಥ ಹಿಡಿತಕ್ಕೆ ಎಂಟು ಲಕ್ಷಣ ಹೇಳಿದ್ದಾರೆ. ಹೊರಗಿನ ಸುದ್ದಿ ಒಳಗೆ ಬಾರದಂತೆ ತಡೆಯುವುದು, ತಪ್ಪೊಪ್ಪಿಗೆಯನ್ನು ಆಯುಧ ಮಾಡಿಕೊಳ್ಳುವುದು, ಗುಂಪಿಗೇ ಒಂದು ವಿಶೇಷ ಭಾಷೆ ಇರುವುದು ಅವುಗಳಲ್ಲಿ ಕೆಲವು. ಅವರು ಅಧ್ಯಯನ ಮಾಡಿದ ಶಿಬಿರಗಳಲ್ಲಿ ದೇವರೇ ಇರಲಿಲ್ಲ ಎಂಬುದನ್ನು ಗಮನಿಸಿ. ದೋಷ ಭಕ್ತಿಯಲ್ಲಿದೆ ಎಂದುಕೊಳ್ಳಬೇಡಿ.

ಹೆಜ್ಜೆ 1: ಠಾಣೆಗೊಂದು ಪತ್ರ

ನಿಮಗೆ 18 ತುಂಬಿದ್ದರೆ, ಎಲ್ಲಿರಬೇಕು, ಯಾವ ದೇವರನ್ನು ನಂಬಬೇಕು, ನಂಬಬಾರದು ಎಂಬುದು ನಿಮ್ಮದೇ ತೀರ್ಮಾನ. ಸಂವಿಧಾನದ 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿದೆ. ವಯಸ್ಕರ ಈ ಆಯ್ಕೆಯಲ್ಲಿ ತಂದೆಯಾಗಲಿ ನ್ಯಾಯಾಲಯವಾಗಲಿ ಕೈಹಾಕುವಂತಿಲ್ಲ ಎಂದು 2018ರ ಹಾದಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ನೀವು ಹೊರಟ ರಾತ್ರಿಯೇ ಯಾರಾದರೂ ‘ಕಾಣೆಯಾಗಿದ್ದಾರೆ’ ಎಂದೋ ‘ಹುಂಡಿ ದುಡ್ಡು ಎತ್ತಿಕೊಂಡು ಹೋದ’ ಎಂದೋ ದೂರು ಕೊಡಬಹುದು. ಹಾಗಾಗಿ ಈಗ ಇರುವ ಊರಿನ ಠಾಣೆಗೆ ಹೋಗಿ, ‘ನಾನು ವಯಸ್ಕ, ಸ್ವಂತ ಇಚ್ಛೆಯಿಂದ ಬಂದಿದ್ದೇನೆ, ಇಂಥಲ್ಲಿ ಇದ್ದೇನೆ’ ಎಂದು ಅರ್ಧ ಪುಟ ಬರೆದು ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಆ ಪ್ರತಿ ಜೇಬಲ್ಲಿದ್ದರೆ ನಿದ್ದೆ ಬರುತ್ತದೆ. ಅನುಭವದಿಂದ ಹೇಳುತ್ತಿದ್ದೇನೆ.

ಯಾರನ್ನಾದರೂ ಬಿಡದೆ ಕೂಡಿಹಾಕಿದ್ದರೆ 112ಕ್ಕೆ ಕರೆ ಮಾಡಿ. ಹೆಣ್ಣುಮಕ್ಕಳಿಗೆ 181, ಮಕ್ಕಳಿಗೆ 1098 ಇದೆ. ಅಕ್ರಮ ಬಂಧನ ಭಾರತೀಯ ನ್ಯಾಯ ಸಂಹಿತೆಯ 127ನೇ ಕಲಮಿನಡಿ ಅಪರಾಧ. ಕೂಡಿಹಾಕಿದವರನ್ನು ಹಾಜರುಪಡಿಸಿ ಎಂದು ಕೋರುವ ಹೇಬಿಯಸ್ ಕಾರ್ಪಸ್ ಅರ್ಜಿಯನ್ನೂ ಮನೆಯವರು ಹೈಕೋರ್ಟಿನಲ್ಲಿ ಹಾಕಬಹುದು.

ಹೆಜ್ಜೆ 2: ಮೊಬೈಲ್ ನಂಬರು, ಆಮೇಲೆ ಉಳಿದ ಕಾಗದ

ನನ್ನ ಸಿಮ್ ಗುಂಪಿನ ಒಬ್ಬ ಸೇವಾಕರ್ತರ ಹೆಸರಿನಲ್ಲಿತ್ತು. ಆಧಾರ್‌ಗೆ, ಬ್ಯಾಂಕಿಗೆ ಸೇರಿಸಿದ್ದೂ ಅದೇ ನಂಬರು. ಹೊರಬಂದ ಮೇಲೆ ಏನು ಮಾಡಲು ಹೋದರೂ ಓಟಿಪಿ ಮಾತ್ರ ಅವರ ಕೈಗೆ ಹೋಗುತ್ತಿತ್ತು! ಇದು ಎಲ್ಲಿಂದ ಬಿಡಿಸಬೇಕೆಂದೇ ತಿಳಿಯದ ಗಂಟು ಅನಿಸುತ್ತದೆ, ಆದರೆ ದಾರಿ ಸುಲಭ. ನಿಮ್ಮ ಹೆಸರಲ್ಲಿ ಹೊಸ ಸಿಮ್ ತೆಗೆದುಕೊಂಡು ಆಧಾರ್ ಕೇಂದ್ರಕ್ಕೆ ನೀವೇ ಹೋಗಿ. ನಂಬರು ಬದಲಿಸಲು ಬೆರಳಚ್ಚು ಸಾಕು, ಹಳೆಯ ಓಟಿಪಿ ಕೇಳುವುದಿಲ್ಲ. ಆಧಾರ್ ಸಂಖ್ಯೆಯೇ ಮರೆತಿದ್ದರೆ 1947ಕ್ಕೆ ಕರೆ ಮಾಡಿ ವಿಚಾರಿಸಿ. ಆಮೇಲೆ ಬ್ಯಾಂಕಿಗೆ ಹೋಗಿ ನಂಬರು ಬದಲಿಸಿ, ಎಟಿಎಂ ಕಾರ್ಡು ರದ್ದು ಮಾಡಿಸಿ, ಚೆಕ್ ಪುಸ್ತಕಕ್ಕೆ ಸಹಿ ಹಾಕಿ ಕೊಟ್ಟಿದ್ದರೆ ಆ ಚೆಕ್ಕುಗಳನ್ನು ತಡೆಹಿಡಿಯಲು ಬರೆದುಕೊಡಿ.

ಎರಡು ವರ್ಷ ಯಾವ ವ್ಯವಹಾರವೂ ಮಾಡದ ಖಾತೆ ನಿಷ್ಕ್ರಿಯವಾಗುತ್ತದೆ. ಗಾಬರಿ ಬೇಡ. ಗುರುತಿನ ದಾಖಲೆ ಕೊಟ್ಟರೆ ಮತ್ತೆ ತೆರೆಯುತ್ತಾರೆ. ಹತ್ತು ವರ್ಷ ದಾಟಿ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗಿದ್ದರೂ ಕೇಳಿ ಪಡೆಯುವ ಹಕ್ಕು ನಿಮ್ಮದೇ.

ರೇಷನ್ ಕಾರ್ಡಿನಲ್ಲಿ ಮನೆಯವರು ನಿಮ್ಮ ಹೆಸರು ತೆಗೆಸಿದ್ದಾರೋ ನೋಡಿ. ನನ್ನದನ್ನು ತೆಗೆಸಿದ್ದರು. ಮತ್ತೆ ಸೇರಿಸಲು ಅಪ್ಪ ನನ್ನ ಜೊತೆ ತಾಲ್ಲೂಕು ಕಚೇರಿಗೆ ಬಂದ ದಿನವೇ ನಾನು ಆ ಮನೆಗೆ ನಿಜವಾಗಿ ವಾಪಸಾದದ್ದು ಅಂದುಕೊಂಡಿದ್ದೇನೆ. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ನಮೂನೆ 8. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಗುಂಪಿನ ಬೀರುವಿನಲ್ಲೇ ಉಳಿದಿದ್ದರೆ ಅದಕ್ಕಾಗಿ ಜಗಳ ಬೇಡ. ಓದಿದ ಶಾಲೆಯ ಮುಖ್ಯ ಶಿಕ್ಷಕರ ಮೂಲಕ ಪರೀಕ್ಷಾ ಮಂಡಳಿಯಿಂದ ನಕಲು ಪ್ರತಿ ಬರುತ್ತದೆ.

ಹೆಜ್ಜೆ 3: ಬರೆದುಕೊಟ್ಟ ಜಮೀನು

ಕಾಣಿಕೆಯಾಗಿ ಹಾಕಿದ ಚಿಲ್ಲರೆ ಹಣ ಹೋಯಿತೆಂದೇ ತಿಳಿಯಿರಿ, ಅದರ ಹಿಂದೆ ಓಡಿದರೆ ಆಯುಷ್ಯ ಸವೆಯುತ್ತದೆ. ಜಮೀನು, ಮನೆ ಹಾಗಲ್ಲ. ಮೊದಲು ಪಹಣಿ ತೆಗೆಸಿ ನೋಡಿ, ಉಪನೋಂದಣಿ ಕಚೇರಿಯಿಂದ ಋಣಭಾರ ಪತ್ರ ಪಡೆಯಿರಿ. ಸ್ಥಿರಾಸ್ತಿಯ ದಾನಪತ್ರ ನೋಂದಣಿ ಆಗಿರದಿದ್ದರೆ ಅದಕ್ಕೆ ಬೆಲೆಯಿಲ್ಲ. ‘ಬಾಯಲ್ಲಿ ಕೊಟ್ಟೆ’, ‘ಬಿಳಿ ಹಾಳೆಗೆ ಸಹಿ ಹಾಕಿದೆ’ ಎಂದು ಕೊರಗುತ್ತಿರುವ ಎಷ್ಟೋ ಜನರ ಭೂಮಿ ಈಗಲೂ ಅವರ ಹೆಸರಿನಲ್ಲೇ ಇರುತ್ತದೆ. (ಅಲ್ಲಾಹನಿಗೆ ವಕ್ಫ್ ಮಾಡಿದ್ದು, ಮುಸ್ಲಿಮರ ಹಿಬಾ, ಇವುಗಳ ನಿಯಮ ಬೇರೆ. ಅದನ್ನು ವಕೀಲರ ಹತ್ತಿರವೇ ಕೇಳಬೇಕು.)

ನೋಂದಣಿ ಆಗಿದ್ದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. 1872ರ ಕರಾರು ಕಾಯ್ದೆಯ 16ನೇ ಕಲಮು ‘ಅನುಚಿತ ಪ್ರಭಾವ’ದ ಮಾತಾಡುತ್ತದೆ. ಒಬ್ಬರ ಮನಸ್ಸನ್ನು ಆಳುವ ಸ್ಥಾನದಲ್ಲಿದ್ದವರು ಆ ಸ್ಥಾನ ಬಳಸಿ ಲಾಭ ಮಾಡಿಕೊಂಡರೆ ಅಂಥ ವ್ಯವಹಾರವನ್ನು ರದ್ದು ಮಾಡಿಸಬಹುದು. ವ್ಯವಹಾರ ಮೇಲ್ನೋಟಕ್ಕೇ ಅನ್ಯಾಯ ಅನ್ನಿಸುವಂತಿದ್ದರೆ, ‘ನಾವು ಒತ್ತಡ ಹಾಕಿಲ್ಲ’ ಎಂದು ತೋರಿಸುವ ಹೊಣೆ ಅವರ ಮೇಲೆ. ಇದು ಹೊಸ ಕಾಲದ ವಿಚಾರವೆಂದು ತಿಳಿಯಬೇಡಿ. ಪರಲೋಕದಲ್ಲಿ ಆತ್ಮಕ್ಕೆ ಒಳ್ಳೆಯದಾಗುತ್ತದೆಂದು ನಂಬಿ ವೃದ್ಧ ಶಿಷ್ಯನೊಬ್ಬ ತನ್ನ ಆಸ್ತಿಯನ್ನು ಗುರುವಿಗೆ ಬರೆದುಕೊಟ್ಟಿದ್ದ. 1890ರಲ್ಲಿ ಅಲಹಾಬಾದ್ ಹೈಕೋರ್ಟ್ ಮನ್ನೂ ಸಿಂಗ್ ಮತ್ತು ಉಮಾದತ್ ಪಾಂಡೆ ಪ್ರಕರಣದಲ್ಲಿ ಆ ದಾನವನ್ನು ತಳ್ಳಿಹಾಕಿತು. ಇವತ್ತಿಗೂ ಕಾನೂನು ಓದುವ ಹುಡುಗರಿಗೆ ಗುರು ಶಿಷ್ಯರ ಉದಾಹರಣೆ ಎಂದರೆ ಅದೇ.

ಅವಧಿ ಮಾತ್ರ ನೆನಪಿರಲಿ. ಇಂಥ ಪತ್ರ ರದ್ದು ಕೋರುವ ದಾವೆಗೆ, ರದ್ದು ಮಾಡಿಸಲು ಆಧಾರವಾಗುವ ಸಂಗತಿ ನಿಮಗೆ ತಿಳಿದಂದಿನಿಂದ 3 ವರ್ಷ. ಕೊಟ್ಟವರು ಅರವತ್ತು ದಾಟಿದ್ದು, ‘ಕೊನೆತನಕ ನೋಡಿಕೊಳ್ಳುತ್ತೇವೆ’ ಎಂಬ ಷರತ್ತಿನ ಮೇಲೆ ಕೊಟ್ಟಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಉಪವಿಭಾಗಾಧಿಕಾರಿಯವರ ನ್ಯಾಯಮಂಡಳಿಗೆ ಹೋಗಬಹುದು. ಷರತ್ತು ಪತ್ರದಲ್ಲೇ ಬರೆದಿದ್ದರೆ ದಾರಿ ಸಲೀಸು.

ವಕೀಲರಿಗೆ ಕೊಡಲು ದುಡ್ಡಿಲ್ಲವೆ? ಚಿಕ್ಕಬಳ್ಳಾಪುರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಗೌರಿಬಿದನೂರು ನ್ಯಾಯಾಲಯದ ಆವರಣದಲ್ಲಿ ತಾಲ್ಲೂಕು ಸಮಿತಿ ಇದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಕೊಡುತ್ತಾರೆ. ಫೋನ್ 15100.

ಹೆಜ್ಜೆ 4: ಶಾಪದ ಭಯ

‘ಬಿಟ್ಟು ಹೋದ್ರೆ ಶಾಪ ತಟ್ಟುತ್ತೆ, ಮನೇಲಿ ಹೆಣ ಬೀಳುತ್ತೆ.’ ಇದನ್ನು ಕೇಳದೆ ಹೊರಬಂದವರನ್ನು ನಾನು ಕಂಡಿಲ್ಲ. ದೈವಕೋಪಕ್ಕೆ ಗುರಿಯಾಗುತ್ತೀಯೆಂದು ನಂಬಿಸಿ ಯಾರಿಂದಲಾದರೂ ಏನನ್ನಾದರೂ ಮಾಡಿಸುವುದು, ಮಾಡದಂತೆ ತಡೆಯುವುದು ನ್ಯಾಯ ಸಂಹಿತೆಯ 354ನೇ ಕಲಮಿನಡಿ ಒಂದು ವರ್ಷದವರೆಗೆ ಶಿಕ್ಷೆಯಾಗುವ ಅಪರಾಧ. ಬ್ರಿಟಿಷರ ಕಾಲದ ದಂಡ ಸಂಹಿತೆಯಲ್ಲಿ ಅದೇ 508 ಆಗಿತ್ತು. ನಮ್ಮ ರಾಜ್ಯದ 2017ರ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ಪ್ರತಿಬಂಧ ಕಾಯ್ದೆಯೂ 2020ರಿಂದ ಜಾರಿಯಲ್ಲಿದೆ.

ಕಲಮು ಗೊತ್ತಾದ ಮಾತ್ರಕ್ಕೆ ಭಯ ಹೋಗುವುದಿಲ್ಲ, ಅದು ಬೇರೆ ಮಾತು. ನಾನು ಊರಿಗೆ ಬಂದ ಮರುವಾರ ನಮ್ಮ ಹಸು ಕಂದು ಹಾಕಿತು. ಅವತ್ತು ರಾತ್ರಿಯೇ ವಾಪಸ್ ಹೊರಡಲು ಚೀಲ ತುಂಬಿಕೊಂಡಿದ್ದೆ. ಬೆಳಗ್ಗೆ ಬಂದ ಪಶುವೈದ್ಯರು, ‘ಈ ತಿಂಗಳು ಇದು ನಾಲ್ಕನೇ ಮನೆ ಕಣ್ರೀ’ ಅಂದರು. ಉಳಿದ ಮೂರು ಮನೆಯವರು ಯಾವ ಗುಂಪನ್ನೂ ಬಿಟ್ಟಿರಲಿಲ್ಲ.

ಬೆಳಗಿನ ಜಾವ ನಾಲ್ಕಕ್ಕೆ ತಾನೇ ಎಚ್ಚರವಾಗುವುದು, ಹಳೆಯ ಭಜನೆ ಎಲ್ಲೋ ಕೇಳಿಸಿದರೆ ಮೈ ತಣ್ಣಗಾಗುವುದು, ಎರಡು ತರಕಾರಿಯಲ್ಲಿ ಯಾವುದು ಎಂದು ಕೇಳಿದರೆ ಅಳು ಬರುವುದು, ಇವೆಲ್ಲ ಕೆಲವು ತಿಂಗಳು ಇರುತ್ತವೆ. ದಿನಕ್ಕೊಂದು ಸಣ್ಣ ತೀರ್ಮಾನ ನೀವೇ ಮಾಡಿ: ಟೀಯೋ ಕಾಫಿಯೋ, ಈ ಬಸ್ಸೋ ಮುಂದಿನದೋ. ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ನಿದ್ದೆ ವಾರಗಟ್ಟಲೆ ಕೆಟ್ಟರೆ, ಸಾಯುವ ಯೋಚನೆ ಸುಳಿದರೆ, ತಡಮಾಡದೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮನಸ್, ಕನ್ನಡದಲ್ಲೇ ಮಾತಾಡುತ್ತಾರೆ, ಹಗಲೂ ರಾತ್ರಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ಹೊರಡುವ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿ ಕೇಳಿಕೊಳ್ಳಿ.

ಹೆಜ್ಜೆ 5: ಮಾತು ಬಿಟ್ಟವರು

ಬಹಿಷ್ಕಾರಕ್ಕೆ ಕಾನೂನಿನ ಉತ್ತರ ಬಹಳ ಕಾಲ ಗಟ್ಟಿಯಾಗಿ ನಿಂತಿರಲಿಲ್ಲ. ಮುಂಬೈ ಪ್ರಾಂತ್ಯ 1949ರಲ್ಲಿ ತಂದ ಬಹಿಷ್ಕಾರ ನಿಷೇಧ ಕಾಯ್ದೆಯನ್ನು ದಾವೂದಿ ಬೋಹ್ರಾ ಧರ್ಮಗುರುಗಳು ಪ್ರಶ್ನಿಸಿದ್ದರು. 1962ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಆ ತೀರ್ಪನ್ನು ಮರಳಿ ನೋಡುವ ಪ್ರಶ್ನೆಯನ್ನು 2023ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಲಾಯಿತು. ಕಾನೂನು ಏನೇ ಹೇಳಲಿ, ಒಳಗೆ ಉಳಿದಿರುವ ಅಣ್ಣ, ಅಕ್ಕ, ಗೆಳೆಯರನ್ನು ಮಾತಾಡಿಸುವ ಉಪಾಯ ನೀವೇ ಕಂಡುಕೊಳ್ಳಬೇಕು. ಗುರುವನ್ನು ಬೈಯಬೇಡಿ. ಬೈದರೆ ಅವರು ಗುರುವಿನ ಪರ ನಿಲ್ಲಲೇಬೇಕಾಗುತ್ತದೆ. ಹಬ್ಬಕ್ಕೆ, ಮಗು ಹುಟ್ಟಿದ್ದಕ್ಕೆ ಎರಡು ಸಾಲಿನ ಕಾಗದ ಹಾಕಿ. ಉತ್ತರ ಬರದಿದ್ದರೂ ಹಾಕಿ.

ಮನೆಯವರಿಗೆ ಒಂದೇ ಮಾತು: ‘ನಾವು ಆಗಲೇ ಹೇಳಿರಲಿಲ್ವಾ?’ ಎಂದು ದಯವಿಟ್ಟು ಅನ್ನಬೇಡಿ.

ಹೆಜ್ಜೆ 6: ದೇವರ ವಿಷಯಕ್ಕೆ ಅವಸರ ಬೇಡ

ಬಿಟ್ಟು ಬಂದವರ ಮನೆ ಮುಂದೆ ಇನ್ನೊಬ್ಬ ಗುರುವಿನ ಶಿಷ್ಯರು ಹಾಜರಾಗುವುದು ತಡವಾಗುವುದಿಲ್ಲ. ಒಂದು ವರ್ಷ ಯಾವುದಕ್ಕೂ ಸೇರಬೇಡಿ, ನಾಸ್ತಿಕರ ಕೂಟಕ್ಕೂ. ಮನೆಯ ದೇವರಿಗೆ ಕೈ ಮುಗಿಯಬೇಕೆನಿಸಿದರೆ ಮುಗಿಯಿರಿ, ಬೇಡವೆನಿಸಿದರೆ ಸುಮ್ಮನಿರಿ.

ಓದಬೇಕೆನಿಸಿದರೆ ನಮ್ಮ ತಾಲ್ಲೂಕಿನವರೇ ಇದ್ದಾರೆ. ಗೌರಿಬಿದನೂರು ಪಕ್ಕದ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಓದಲೆಂದು ನಡೆದೇ ಬೆಂಗಳೂರಿಗೆ ಹೋದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿದರು. ಜನರಿಗೆ ನೆನಪಿರುವುದು ಆ ಸಮಿತಿ. ನನಗೆ ಹಿಡಿಸಿದ್ದು ಅವರ ‘ಹೋರಾಟದ ಹಾದಿ’ಯ ಬಡ ಹುಡುಗ. ನಮ್ಮದೇ ಧೂಳಿನ ರಸ್ತೆಯಲ್ಲಿ ನಡೆದವನೊಬ್ಬ ಯಾರ ಅಪ್ಪಣೆಗೂ ಕಾಯದೆ ಪ್ರಶ್ನೆ ಕೇಳುತ್ತಾ ಬದುಕಿದ್ದು ಓದಿ ನನಗೆ ಧೈರ್ಯ ಬಂತು.

ಹೋದ ತಿಂಗಳು ಅಲೀಪುರದಿಂದ ಗೌರಿಬಿದನೂರಿಗೆ ಹೋಗುವ ಬಸ್ಸಿನಲ್ಲಿ ಗುಂಪಿನ ಹಳೆಯ ಜೊತೆಗಾರನೊಬ್ಬ ಸಿಕ್ಕ. ಯಾವುದೋ ಮದುವೆಗೆ ಬಂದಿದ್ದನಂತೆ. ಮೈಮೇಲೆ ಅದೇ ಬಿಳಿ ಬಟ್ಟೆ. ನನ್ನದು ಚೌಕಳಿ ಅಂಗಿ. ಮೊದಲು ಕಿಟಕಿ ಕಡೆ ಮುಖ ತಿರುಗಿಸಿಕೊಂಡ. ಐದು ಕಿಲೋಮೀಟರು ಹೋದ ಮೇಲೆ ನನ್ನ ಕಡೆ ನೋಡದೆಯೇ ಮೆಲ್ಲಗೆ ಕೇಳಿದ: ‘ಅಣ್ಣಾ, ಆಧಾರ್‌ಗೆ ನಂಬರ್ ಹೆಂಗ್ ಬದಲಾಯಿಸಿದೆ?’